ಒಂದು ಏಟಿನ ಮಡಿಕೆ

ತಾಳದ ಆ ಒಂದು ಏಟು ನುಂಗಿದ್ದು ಅವಳೋ, ತಾನೋ? ಅವಳೇ ಇರಬೇಕು. ಇಷ್ಟು ವರ್ಷ ಇದೇ ಹಾಡನ್ನು ನುಡಿಸಿದ ಬೆರಳುಗಳು ಇವು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪುವುದಿಲ್ಲ. ಆದರೆ ಅವಳ ಮುಖ ತಪ್ಪು ಮಾಡಿದವರ ಮುಖದ ಹಾಗಿಲ್ಲವಲ್ಲ. ತಪ್ಪು ಮಾಡಿದವರು ನೆಲ ನೋಡುತ್ತಾರೆ, ಕುರ್ಚಿಯನ್ನು ಹಿಂದೆ ಮುಂದೆ ಸರಿಸುತ್ತಾರೆ, ಕೈಯಲ್ಲಿರುವ ಕೋಲಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೆ. ಇವಳು ಸುಮ್ಮನೆ ತನ್ನನ್ನೇ ನೋಡುತ್ತ ಕೂತಿದ್ದಾಳೆ, ಎಲ್ಲಿ ನೋವು ಅಂತ ರೋಗಿಯೇ ಬಾಯಿ ಬಿಡಲಿ ಎಂದು ವೈದ್ಯರು ಕಾಯುವ ಹಾಗೆ. ಹಾಗಾದರೆ ತಾನೇ ಇರಬಹುದೇ? ಛೆ, ಎಲ್ಲಾದರೂ ಉಂಟೆ.

“ಇನ್ನೊಂದ್ಸಲ,” ಎಂದ, ಗಿಟಾರಿನ ಪಟ್ಟಿಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡು.

ಅವರು ಅಭ್ಯಾಸ ಮಾಡುವ ಕೋಣೆ ಟೈರ್ ಅಂಗಡಿಯ ಮೇಲಿತ್ತು. ಶಬ್ದ ಹೊರಗೆ ಹೋಗದಿರಲೆಂದು ಗೋಡೆಗಳಿಗೆ ಹಳೆಯ ಹಾಸಿಗೆಗಳನ್ನು ಕಟ್ಟಿದ್ದರು. ಒಂದು ಹಾಸಿಗೆಯ ಹೊಟ್ಟೆ ಒಡೆದು ಹತ್ತಿ ಇಣುಕುತ್ತಿತ್ತು. ಕೋಣೆಯ ತುಂಬ ರಬ್ಬರಿನ ವಾಸನೆ. ಬೇಸ್ ಗಿಟಾರ್ ನುಡಿಸುವವನು ಮೂಲೆಯಲ್ಲಿ ನಿಂತಿದ್ದ. ಮಾತಿಗಿಂತ ತಲೆಯಾಡಿಸುವುದೇ ಹೆಚ್ಚು ಎಂದು ಎಲ್ಲರೂ ಅವನನ್ನು ಮೌನಿ ಎಂದು ಕರೆಯುತ್ತಿದ್ದರು. ಡ್ರಮ್ಮಿನ ಹಿಂದೆ ಕೂತವಳು ಹೊಸಬಳು, ಸಂಗೀತ ಕಾಲೇಜಿನಲ್ಲಿ ಪಾಠ ಹೇಳುವವಳು. ಬಂದ ದಿನವೇ ಅವಳಿಗೆ ಟೀಚರ್ ಎಂಬ ಹೆಸರು ಅಂಟಿತ್ತು.

ಮತ್ತೆ ಶುರುಮಾಡಿದರು. ಜಾಝ್‌ನಲ್ಲಿ ಹಾಡೊಂದು ಸುತ್ತುಸುತ್ತಾಗಿ ಬರುತ್ತದೆ. ರಾಗವನ್ನು ಒಮ್ಮೆ ಪೂರ್ತಿ ನುಡಿಸಿದರೆ ಒಂದು ಸುತ್ತು. ಆಮೇಲೆ ಒಬ್ಬನು ಅದೇ ಸುತ್ತಿನ ಮೇಲೆ ತನಗೆ ತೋಚಿದ್ದನ್ನು ನುಡಿಸುತ್ತ ಎಲ್ಲೆಲ್ಲೋ ಅಲೆದಾಡುತ್ತಾನೆ, ಉಳಿದವರು ದಾರಿ ಕಾಯುತ್ತಾರೆ. ಕೊನೆಯ ಸುತ್ತು ಮುಗಿದು ಮೊದಲ ಏಟು ಬಿದ್ದಾಗ ಎಲ್ಲರೂ ಒಟ್ಟಿಗೆ ರಾಗಕ್ಕೆ ಮರಳಬೇಕು. ಅದು ಮನೆಗೆ ಬಂದು ಸೇರುವ ಹಾಗೆ. ಅವನು ಅಲೆದ, ಚೆನ್ನಾಗಿಯೇ ಅಲೆದ. ಮೌನಿ ಕಣ್ಣು ಮುಚ್ಚಿ ತೂಗುತ್ತಿದ್ದ. ಕೊನೆಗೆ ಮನೆಯ ಬಾಗಿಲು ಕಂಡು ಅವನು ಕಾಲಿಟ್ಟ. ಇದೆ ಎಂದುಕೊಂಡ ಮೆಟ್ಟಿಲು ಅಲ್ಲಿರಲಿಲ್ಲ. ಅವನ ರಾಗ ಒಂದು ಕಡೆ, ಡ್ರಮ್ಮು ಒಂದು ಕಡೆ, ನಡುವೆ ಸಿಕ್ಕ ಮೌನಿ ಎತ್ತ ಹೋಗಲಿ ಎಂದು ತಿಳಿಯದೆ ಕೈಯೆತ್ತಿಬಿಟ್ಟ.

“ಎಲ್ಲಿಗೆ ಹೋದ್ರಿ ಟೀಚರ್?”

“ನಾನು ಇಲ್ಲೇ ಇದ್ದೆ ಸರ್. ನೀವು ಒಂದೇಟು ಮುಂಚೆ ಬಂದ್ಬಿಟ್ರಿ.”

“ನಾನಾ?”

“ಹೂಂ. ಮೂರು ಸಲಾನೂ ಅಲ್ಲೇ.”

ಅವನು ಮೌನಿಯ ಕಡೆ ತಿರುಗಿದ. ಮೌನಿಗೆ ಆ ಕ್ಷಣವೇ ತನ್ನ ವಯರಿನ ಗಂಟು ಬಿಡಿಸುವ ಕೆಲಸ ನೆನಪಾಗಿತ್ತು. ಗಂಟು ಇರಲೇ ಇಲ್ಲ.

“ಇವತ್ತಿಗೆ ಸಾಕು,” ಎಂದು ಅವನು ಗಿಟಾರನ್ನು ಪೆಟ್ಟಿಗೆಗೆ ಹಾಕಿದ.

ಮೆಟ್ಟಿಲಿಳಿಯುವಾಗ ಅವನ ಮನಸ್ಸು ಭಾವನ ಮೇಲೆ ಹೋಯಿತು. ಭಾವ ಎಂದರೆ ಹೆಂಡತಿಯ ಅಣ್ಣ, ಅದಕ್ಕೂ ಮೊದಲು ಅವನ ಗೆಳೆಯ, ಎಲ್ಲಕ್ಕೂ ಮೊದಲು ಅವನ ಡ್ರಮ್ಮರ್. ಭಾವ ಇದ್ದಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಆದರೆ ಚಳಿಗಾಲದ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಹಾಗೆಯೇ ಭಾವನ ಎಡಗೈಯಿಂದ ನೀರಿನ ಲೋಟ ಜಾರಿ ಬಿದ್ದಿತ್ತು. ತಲೆಯಲ್ಲಿ ರಕ್ತ ಸ್ವಲ್ಪ ಹೊತ್ತು ತಡೆದು ನಿಂತಿತ್ತಂತೆ. ಮಾತು ಉಳಿಯಿತು, ಕಾಲು ಉಳಿಯಿತು, ಎಡಗೈ ಮಾತ್ರ ಅರ್ಧ ಮುನಿಸಿಕೊಂಡಿತು. ಸರಿಯಾಗಿ ಅದೇ ಹೊತ್ತಿಗೆ ಬಹಳ ವರ್ಷಗಳ ಮೇಲೆ ಅವರ ತಂಡದ ಹೊಸ ಆಲ್ಬಮ್ ಮಾಡಲು ಒಂದು ಸ್ಟುಡಿಯೋ ಒಪ್ಪಿತ್ತು. ಟೀಚರ್ ಹೆಸರು ಹೇಳಿದ್ದು ಭಾವನೇ. “ನನ್ನ ಬಿಟ್ಬಿಡು. ಅವಳ ಕೈ ಗಡಿಯಾರ ಇದ್ದ ಹಾಗೆ,” ಎಂದಿದ್ದ. ಹಾಗೆನ್ನುವಾಗ ನಕ್ಕಿದ್ದ. ಆ ನಗು ಕಣ್ಣಿನ ತನಕ ಬಂದಿರಲಿಲ್ಲ.

ಇಬ್ಬರೂ ಒಟ್ಟಿಗೆ ಮೀಸೆ ಚಿಗುರಿಸಿಕೊಂಡವರು. ಹೆಗಲ ತನಕ ಕೂದಲು ಬಿಟ್ಟು, ಬಿಗಿ ಪ್ಯಾಂಟು ತೊಟ್ಟು, ಕಿವಿ ತೂತಾಗುವ ಹಾಗೆ ರಾಕ್ ನುಡಿಸುತ್ತಿದ್ದ ಕಾಲ ಅದು. ಆಂಪ್ಲಿಫೈಯರನ್ನು ಭಾವ ಹಾಳಾದ ರೇಡಿಯೋಗಳ ಹೊಟ್ಟೆ ಬಗೆದು ಕಟ್ಟಿದ್ದ. ಅದು ನಡುನಡುವೆ ಹವಾಮಾನದ ವರದಿ ಓದುತ್ತಿತ್ತು. ಕಾಲೇಜು ಸಭಾಂಗಣ, ಕಾರ್ಖಾನೆಯ ಕ್ಯಾಂಟೀನು, ಸಿನಿಮಾ ಶುರುವಾಗುವ ಮುಂಚೆ ಪರದೆಯ ಮುಂದಿನ ಅಂಗೈಯಗಲ ಜಾಗ, ಎಲ್ಲಿ ಕರೆದರೆ ಅಲ್ಲಿ. ಬಸ್ ಮೆಕ್ಯಾನಿಕ್ ಆಗಿದ್ದ ಅವನ ಅಪ್ಪ ಒಮ್ಮೆ ಕ್ಯಾಂಟೀನಿಗೆ ಬಂದು ಹಿಂದಿನ ಸಾಲಿನಲ್ಲಿ ಕೂತು ಪೂರ್ತಿ ಕೇಳಿದರು. ಮನೆಗೆ ಬಂದ ಮೇಲೆ, “ಇಂಜಿನ್ ಚೆನ್ನಾಗಿದೆ, ಸೈಲೆನ್ಸರ್ ಹಾಕಿಸ್ಕೋ,” ಎಂದಷ್ಟೇ ಹೇಳಿದರು. ಅದು ಮೆಚ್ಚುಗೆ ಎಂದು ಅವನಿಗೆ ಅರ್ಥವಾಗಲು ಎಷ್ಟೋ ವರ್ಷ ಹಿಡಿಯಿತು.

ಆಮೇಲೆ ಹಾಡುಗಾರ ವಿಮಾ ಕಂಪನಿ ಸೇರಿದ, ಕೂದಲು ಕತ್ತರಿಸಿಕೊಂಡ, ತಂಡ ಒಡೆಯಿತು. ಹೋಟೆಲೊಂದರ ಮೊಗಸಾಲೆಯಲ್ಲಿ ಸಂಜೆ ಪಿಯಾನೋ ನುಡಿಸುತ್ತಿದ್ದ ಮುದುಕರೊಬ್ಬರು ಇಬ್ಬರನ್ನೂ ಕರೆದುಕೊಂಡರು. ಎಲ್ಲರೂ ಅವರನ್ನು ಪಿಯಾನೋ ತಾತ ಎನ್ನುತ್ತಿದ್ದರು. ಜಾಝ್ ಎಂದರೆ ಏನು ಎಂದು ಅವನು ಕಲಿತದ್ದು ಅವರ ಬಲಗಡೆ ನಿಂತು. ಒಂದೇ ಸ್ವರಮೇಳವನ್ನು ಇಷ್ಟು ಬಾಗಿಲುಗಳಿಂದ ಒಳಹೊಕ್ಕು ನೋಡಬಹುದು ಎಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಹಿಂತಿರುಗಿ ನೋಡಲಿಲ್ಲ. ತನ್ನದೇ ತಂಡ, ಆಲ್ಬಮ್‌ಗಳು, ಊರೂರು ತಿರುಗಾಟ. ರಾಕ್‌ನ ಕಿಚ್ಚು, ಜಾಝ್‌ನ ಬುದ್ಧಿ ಎಂದು ಬರೆದರು. ‘ಈತ ಕಾಲದೊಡನೆ ಚೌಕಾಸಿ ಮಾಡುತ್ತಾನೆ’ ಎಂದು ಒಬ್ಬ ವಿಮರ್ಶಕ ಬರೆದಿದ್ದ. ರೇಡಿಯೋದವರು ಅದರ ಬಗ್ಗೆ ಕೇಳಿದಾಗ ಅವನು ಕಾಲ ಮೇಲೆ ಕಾಲು ಹಾಕಿ, “ತಾಳ ನನ್ನ ಗೆಳೆಯ, ಯಜಮಾನ ಅಲ್ಲ,” ಎಂದಿದ್ದ. ಪಕ್ಕದಲ್ಲಿ ಕೂತಿದ್ದ ಭಾವ ಹೌದು ಹೌದೆಂದು ತಲೆಯಾಡಿಸಿ ನೀರು ಕುಡಿದಿದ್ದ.

ಟೀಚರಿಗೆ ಬುದ್ಧಿ ಕಲಿಸಬೇಕು ಎಂದುಕೊಂಡು ಅವನು ಮರುದಿನ ಬೆಳಿಗ್ಗೆ ಸ್ಟುಡಿಯೋಗೆ ಹೋದ. ಹಳೆಯ ಆಲ್ಬಮ್‌ನ ಧ್ವನಿಮುದ್ರಣ ಅಲ್ಲೇ ಇತ್ತು, ಒಂದೊಂದು ವಾದ್ಯವೂ ಬೇರೆಬೇರೆಯಾಗಿ. ಭಾವನ ಡ್ರಮ್ಮನ್ನು ಮಾತ್ರ ಬೇರ್ಪಡಿಸಿ ಟೀಚರಿಗೆ ಕೊಟ್ಟರೆ ನುಡಿಸುವುದು ಹೇಗೆಂದು ಕಲಿಯುತ್ತಾಳೆ. ಅಲ್ಲಿನ ಧ್ವನಿಮುದ್ರಣದ ಎಂಜಿನಿಯರ್ ಬಿಸ್ಕತ್ತಿನ ತುಂಡು ಬಾಯಿಗಿಟ್ಟುಕೊಂಡು ಗುಂಡಿಗಳ ಮುಂದೆ ಕೂತಿದ್ದ.

“ಡ್ರಮ್ಮು ಮಾತ್ರ ಬೇಕಪ್ಪ. ನನ್ನ ಸುತ್ತು ಮುಗಿದು ರಾಗಕ್ಕೆ ಬರೋ ಜಾಗ.”

“ಓ, ಮಡಿಕೆ ಇರೋ ಜಾಗ,” ಎಂದ ಎಂಜಿನಿಯರ್, ಬೆರಳು ಅದಾಗಲೇ ಗುಂಡಿಯ ಮೇಲಿತ್ತು.

“ಏನು ಮಡಿಕೆ?”

ಎಂಜಿನಿಯರ್ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದ.

“ಏನಿಲ್ಲ ಸರ್. ಹಾಗೇ ಒಂದು ಮಾತು.”

“ಹಾಕು, ಕೇಳೋಣ.”

ಎಂಜಿನಿಯರ್ ಹಾಕಿದ. ಗಿಟಾರ್ ಇಲ್ಲ, ಬೇಸ್ ಇಲ್ಲ. ಬರೀ ಭಾವ. ಅವನು ಮೊದಲ ಬಾರಿಗೆ ಭಾವನನ್ನು ಒಬ್ಬನನ್ನೇ ಕೇಳುತ್ತಿದ್ದ, ಒಬ್ಬನೇ ಕೂತು ಊಟ ಮಾಡುತ್ತಿರುವವನನ್ನು ಕಿಟಕಿಯಿಂದ ನೋಡಿದ ಹಾಗೆ. ನಾಲ್ಕು, ನಾಲ್ಕು, ನಾಲ್ಕು, ಏಟುಗಳು ನಾಲ್ಕರ ಗುಂಪಾಗಿ ನೇಯುತ್ತ ಬಂದವು. ಸುತ್ತಿನ ಕೊನೆಗೆ ಡ್ರಮ್ಮಿನ ಅಂಚಿನ ಮೇಲೆ ಒಂದು ಟಕ್. ಆ ಕೊನೆಯ ನಾಲ್ಕರಲ್ಲಿ ಮೂರೇ ಏಟು. ಕೂಡಲೇ ಮೊದಲ ಏಟು ದೊಡ್ಡದಾಗಿ ಬಿತ್ತು, ಏನೂ ಆಗದವರ ಹಾಗೆ.

“ಇನ್ನೊಂದು ಹಾಡು ಹಾಕು.”

ಅದರಲ್ಲೂ ಇತ್ತು. ಅದರ ಮುಂದಿನದರಲ್ಲೂ. ಕೊನೆಗೆ ಬರುವ ಆ ಟಕ್, ಆಮೇಲೆ ಬಟ್ಟೆಯ ಮಡಿಕೆಯೊಳಗೆ ಹರಿದ ಜಾಗ ಅಡಗಿಸಿದ ಹಾಗೆ ಮಾಯವಾದ ಒಂದು ಏಟು. ಆ ಟಕ್ ಮೌನಿಗೆ ಸೂಚನೆ, ಬಾ, ಇವನು ಮುಂಚೆ ಬರುತ್ತಿದ್ದಾನೆ, ನಾವೂ ಹೋಗೋಣ ಎಂದು. ಅವನು ಕುರ್ಚಿಯ ಕೈಯನ್ನು ಹಿಡಿದುಕೊಂಡ.

“ಯಾರ್ಯಾರಿಗೆ ಗೊತ್ತು ಇದು?”

“ಸರ್,” ಎಂದ ಎಂಜಿನಿಯರ್ ತೀರಾ ಸಣ್ಣ ದನಿಯಲ್ಲಿ, “ನಿಮಗೆ ಗೊತ್ತಿಲ್ಲ ಅನ್ನೋದೇ ನನಗೆ ಗೊತ್ತಿರ್ಲಿಲ್ಲ.”

ಮನೆಗೆ ನಡೆದೇ ಹೋದ. ದಾರಿಯಲ್ಲಿ ಸಿಕ್ಕವರೆಲ್ಲ ಈ ವಿಷಯ ತಿಳಿದವರಂತೆ ಕಂಡರು. ಹಣ್ಣಿನ ಗಾಡಿಯವನಿಗೂ ಗೊತ್ತಿರಬಹುದು ಎನ್ನಿಸಿತು. ಹೆಂಡತಿ ಮಂಚದ ಮೇಲೆ ಒಣಗಿದ ಬಟ್ಟೆಗಳ ಗುಡ್ಡೆ ಹಾಕಿಕೊಂಡು ಒಂದೊಂದೇ ಮಡಚುತ್ತಿದ್ದಳು.

“ನಿನಗೆ ಗೊತ್ತಿತ್ತಾ?”

“ಯಾವುದು?”

“ಮಡಿಕೆ.”

ಅವಳು ಅವನ ಅಂಗಿಯೊಂದನ್ನು ಎದೆಗೆ ಹಿಡಿದುಕೊಂಡು ನಿಂತಳು. “ಅಯ್ಯೋ. ಯಾರು ಹೇಳಿದ್ದು? ಆ ಎಂಜಿನಿಯರ್ ಬಾಯಿಗೆ ಬೀಗ ಇಲ್ಲ.”

“ನಿನಗೂ ಗೊತ್ತು!”

“ನಾನು ಡ್ರಮ್ಮರ್ ತಂಗಿ. ಅವನು ಪಾತ್ರೆ ಬಡಿಯೋ ಕಾಲದಿಂದ ಕೇಳಿದೀನಿ. ಗೊತ್ತಾಗದೆ ಇರತ್ತಾ?”

“ಯಾವಾಗಿಂದ?”

ಅವಳು ಮಂಚದ ತುದಿಯಲ್ಲಿ ಕೂತಳು. ಹೋಟೆಲಿನ ದಿನಗಳಿಂದಲೇ ಅಂತೆ. ರಾಕ್‌ನಲ್ಲಿ ಒಂದೇ ಸಾಲು ತಿರುಗಿ ತಿರುಗಿ ಬರುವುದರಿಂದ ಯಾರಿಗೂ ತಿಳಿಯುತ್ತಿರಲಿಲ್ಲ. ಜಾಝ್‌ನ ಉದ್ದ ಸುತ್ತುಗಳಿಗೆ ಬಂದ ಮೇಲೆ ಅವನು ಪ್ರತಿ ಸಲವೂ ಕೊನೆಯಲ್ಲಿ ಒಂದು ಏಟು ನುಂಗುತ್ತಿದ್ದ. ಮನೆ ಕಂಡ ಕೂಡಲೇ ಓಡುವವನ ಹಾಗೆ. ಪಿಯಾನೋ ತಾತ ತಲೆ ಚಚ್ಚಿಕೊಂಡು, ಇವನನ್ನು ನಾಳೆಯಿಂದ ಕರೆತರಬೇಡ ಎಂದು ಭಾವನಿಗೆ ಹೇಳಿದರಂತೆ.

“ಆಗ ಅಣ್ಣ ಏನಂದ ಗೊತ್ತಾ? ಅವನಿರ್ಲಿ ತಾತ, ಆ ಒಂದೇಟು ನಾನು ನೋಡ್ಕೋತೀನಿ ಅಂದ.”

“ನನಗೆ ಯಾಕೆ ಹೇಳ್ಲಿಲ್ಲ?”

“ನಾನೂ ಅದನ್ನೇ ಕೇಳಿದ್ದೆ. ಹೇಳಿದ್ರೆ ಅವನು ಎಣಿಸೋಕೆ ಶುರು ಮಾಡ್ತಾನೆ, ಎಣಿಸೋಕೆ ಶುರು ಮಾಡಿದ್ರೆ ನುಡಿಸೋದು ನಿಲ್ಲಿಸ್ತಾನೆ ಅಂದ. ಲೆಕ್ಕ ಯಾರಾದ್ರೂ ಇಡಬಹುದು, ಹಾಗೆ ಅಲೆಯೋಕೆ ಇವನೊಬ್ಬನಿಗೇ ಬರೋದು ಅಂದ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಮಡಿಕೆ ಅಂತ ಹೆಸರಿಟ್ಟಿದ್ದು ಮೌನಿ.”

“ಮೌನಿ ಮಾತಾಡ್ತಾನಾ?”

“ನೀನಿಲ್ಲದಾಗ ಬೇಕಾದಷ್ಟು.”

ಅವನಿಗೆ ಸಿಟ್ಟು ಬಂತು. ಇಷ್ಟು ವರ್ಷವೂ ತನ್ನನ್ನು ಕೈಹಿಡಿದು ರಸ್ತೆ ದಾಟಿಸುತ್ತಿದ್ದಿರಾ ಎಂದು ಕೂಗಾಡಿದ. ಅವಳು ಅಂಗಿಯ ತೋಳನ್ನು ಒಳಗೆ ಮಡಚಿ ಗುಡ್ಡೆಯ ಮೇಲಿಟ್ಟಳು. “ದಾಟಿದ್ದು ನೀನೇ ಅಲ್ವಾ?” ಎಂದಳು.

ಅವನು ಹಿಂದಿನ ಬಾಲ್ಕನಿಯಲ್ಲಿ ಬಹಳ ಹೊತ್ತು ಕೂತ. ಎದುರಿನ ಕಟ್ಟಡದಲ್ಲಿ ಯಾರೋ ಕಂಬಳಿ ಒದರುತ್ತಿದ್ದರು. ಮೊದಲು ನಾಚಿಕೆ, ಆಮೇಲೆ ಸಿಟ್ಟು, ಎರಡೂ ಬಂದು ಹೋದ ಮೇಲೆ ಉಳಿದದ್ದು ಏನೆಂದು ಅವನಿಗೆ ಹೆಸರಿಡಲು ಆಗಲಿಲ್ಲ. ಅವನು ಒಂದೊಂದೇ ವೇದಿಕೆಯನ್ನು ನೆನೆದ. ಚಪ್ಪಾಳೆಗಳನ್ನು ನೆನೆದ. ಪ್ರತಿ ಚಪ್ಪಾಳೆಗೂ ಒಂದು ಕ್ಷಣ ಮುಂಚೆ, ತಾನು ಕಣ್ಣು ಮುಚ್ಚಿ ಹಾರಿದಾಗ, ಕೆಳಗೆ ಯಾರೋ ಓಡಿ ಬಂದು ಹಾಸಿಗೆ ಹಾಸುತ್ತಿದ್ದರು. ತಾನು ಒಮ್ಮೆಯೂ ಬೀಳಲಿಲ್ಲ ಎಂದು ಬೀಗುತ್ತಿದ್ದ. ಒಮ್ಮೆಯೂ ಬೀಳದಿರುವುದು ತನ್ನ ಗುಣವಲ್ಲ, ತನಗೆ ಸಿಕ್ಕಿದ್ದು. ಕೇಳದೆ, ತಿಳಿಯದೆ ಸಿಕ್ಕಿದ್ದು. ಆ ಯೋಚನೆಯಲ್ಲಿ ನೋವಿಗಿಂತ ಬೆಚ್ಚಗಿನದೇನೋ ಇತ್ತು.

ಸಂಜೆ ಭಾವನ ಮನೆಗೆ ಹೋದ. ಬಾಗಿಲು ತೆರೆದೇ ಇತ್ತು. ಡ್ರಮ್ಮಿನ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿ, ಅದರ ಮೇಲೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆಗಳನ್ನು ಹರಡಿದ್ದರು. ಭಾವ ಕಿಟಕಿಯ ಪಕ್ಕ ಕೂತು ಎಡಗೈಯಲ್ಲಿ ರಬ್ಬರ್ ಚೆಂಡನ್ನು ಹಿಚುಕುತ್ತಿದ್ದ.

“ಬನ್ನಿ ಬನ್ನಿ ಅಳಿಯದೇವ್ರು,” ಎಂದ ಭಾವ. ತಮ್ಮ ಮನೆಯ ಅಳಿಯನೆಂದು ಮದುವೆಯ ದಿನದಿಂದಲೂ ಹಾಗೇ ಅಣಕಿಸುವುದು. “ಏನು, ಕೈ ಬೀಸ್ಕೊಂಡು ಬಂದಿದೀರಿ? ರೋಗಿ ನೋಡೋಕೆ ಬರೋರು ಒಂದು ಹಣ್ಣಾದ್ರೂ ತರ್ತಾರಪ್ಪ.”

“ನೀನು ರೋಗಿ ಅಂತ ಯಾರು ಹೇಳಿದ್ದು?”

“ಈ ಕೈ ಹೇಳ್ತಿದೆ. ನೋಡು, ಇದೀಗ ಸರ್ಕಾರಿ ಕಚೇರಿ ಆಗ್ಬಿಟ್ಟಿದೆ. ಇವತ್ತು ಅರ್ಜಿ ಹಾಕಿದ್ರೆ ಕೆಲಸ ಆಗತ್ತೆ, ಆಗಲ್ಲ ಅಂತಲ್ಲ. ಸ್ವಲ್ಪ ಕಾಯ್ಬೇಕು ಅಷ್ಟೆ.”

ಅವನು ನಕ್ಕ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಡಿಕೆಯ ಮಾತನ್ನು ಸದ್ಯಕ್ಕೆ ಬದಿಗಿಟ್ಟ. ಭಾವನ ಮಣಿಕಟ್ಟು ನೋಡಿದ. ಎಲುಬು ಎದ್ದು ಕಾಣುತ್ತಿತ್ತು. ಈ ಮಣಿಕಟ್ಟೇ ಅಲ್ಲವೇ ಆ ಟಕ್ ಹೊಡೆಯುತ್ತಿದ್ದುದು, ಎಡಗೈಯಿಂದ, ಅಂಚಿನ ಮೇಲೆ.

“ರೆಕಾರ್ಡಿಂಗ್‌ಗೆ ನೀನೇ ಬರ್ಬೇಕು.”

“ಹುಚ್ಚಾ? ಟೀಚರ್ ಇದಾಳಲ್ಲ.”

“ಅವಳ ಕೈಲಿ ಆಗ್ತಿಲ್ಲ.”

“ಅವಳ ಕೈಲಿ ಆಗಲ್ವಾ? ಅವಳ ಕೈಲಿ ಆಗದೆ ಇನ್ಯಾರ ಕೈಲಿ ಆಗತ್ತೋ?” ಭಾವ ಚೆಂಡು ಹಿಚುಕುವುದನ್ನು ನಿಲ್ಲಿಸಿದ. ದನಿ ತಗ್ಗಿಸಿ, ಹುಷಾರಾಗಿ ಕೇಳಿದ, “ಎಲ್ಲಿ ಆಗ್ತಿಲ್ಲ?”

ಈಗ ಹೇಳಿಬಿಡಬಹುದಿತ್ತು. ಭಾವನ ಕಣ್ಣುಗಳಲ್ಲಿ ಒಂದು ಹೆದರಿಕೆ ಇತ್ತು, ತನ್ನ ಕೈಯ ಬಗ್ಗೆಯಲ್ಲ, ಗೆಳೆಯನ ಬಗ್ಗೆ. ಇವನಿಗೆ ಗೊತ್ತಾಗಿಬಿಟ್ಟಿತೇ ಎಂಬ ಹೆದರಿಕೆ. ಅದನ್ನು ಕಂಡು ಅವನ ಬಾಯಿ ಬೇರೆ ದಾರಿ ಹಿಡಿಯಿತು.

“ಎಡವ್ತಾಳೆ. ಸುತ್ತು ಮುಗಿಯೋ ಕಡೆ. ಪ್ರತಿ ಸಲಾನೂ ಅವಳದೇ ತಪ್ಪು.”

ಭಾವ ಗಹಗಹಿಸಿ ನಕ್ಕ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಈ ಸಲ ನಗು ಕಣ್ಣಿನ ತನಕ ಬಂದಿತ್ತು. “ಪಾಪ ಟೀಚರ್,” ಎಂದ. “ಹೌದೌದು, ಆ ಜಾಗ ಅಷ್ಟು ಸುಲಭ ಅಲ್ಲ. ಅಭ್ಯಾಸ ಬೇಕು.”

“ಅದಕ್ಕೇ ಹೇಳ್ತಿರೋದು.”

“ಕೈ ಕೈಕೊಟ್ರೆ?”

“ಕೊಡ್ಲಿ.”

“ನನ್ನಿಂದ ನಿನ್ನ ಆಲ್ಬಮ್ ಹಾಳಾಗ್ಬಾರ್ದು ಕಣೋ. ಎಲ್ಲರ ಮುಂದೆ ಕೋಲು ಕೆಳಗೆ ಬಿದ್ರೆ ನನಗೆ ಮತ್ತೆ ಎತ್ಕೊಳೋಕೆ ಮನಸ್ಸು ಬರಲ್ಲ. ನಿಜ ಹೇಳ್ತಿದೀನಿ. ಅಲ್ಲಿಗೇ ಮುಗೀತು ಅದು.”

“ಬೀಳಲ್ಲ,” ಎಂದ ಅವನು. ಅಷ್ಟು ಗಟ್ಟಿಯಾಗಿ ಹೇಳಲು ಧೈರ್ಯ ಎಲ್ಲಿಂದ ಬಂತೋ.

ಭಾವ ಎದ್ದು ಡ್ರಮ್ಮಿನ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಕುರ್ಚಿಗೆ ಎಸೆಯತೊಡಗಿದ.

ಮರುದಿನ ಅವನು ಸಂಗೀತ ಕಾಲೇಜಿಗೆ ಹೋಗಿ ಟೀಚರ ಕೋಣೆಯ ಬಾಗಿಲಲ್ಲಿ ನಿಂತ. ಆಕೆ ಮೇಜಿನ ಮೇಲೆ ಕಾಲಿಟ್ಟುಕೊಂಡು ಸೇಬು ತಿನ್ನುತ್ತಿದ್ದವಳು ಗಡಿಬಿಡಿಯಿಂದ ಕಾಲಿಳಿಸಿದಳು.

“ಟೀಚರ್, ತಪ್ಪು ನಂದೇ.”

“ಗೊತ್ತು ಸರ್.”

“ರೆಕಾರ್ಡಿಂಗ್ ಭಾವನೇ ಮಾಡ್ಲಿ ಅಂತಿದೀನಿ. ನಿಮಗೆ ಬೇಜಾರಾಗ್ಬಾರ್ದು.”

“ಬೇಜಾರೇನಿಲ್ಲ. ಅವರು ಹೊಡೆಯೋದು ಕೇಳೇ ನಾನು ಡ್ರಮ್ಮು ಹಿಡಿದಿದ್ದು.” ಆಕೆ ಸೇಬನ್ನು ಕಾಗದದ ಮೇಲಿಟ್ಟಳು. “ಆದ್ರೆ ಅವರ ಕೈ ಈಗ ನಿಮ್ಮ ಹಿಂದೆ ಓಡತ್ತಾ?”

“ಓಡ್ಬಾರ್ದು. ಅದಕ್ಕೇ ಬಂದೆ. ನನಗೆ ಎಣಿಸೋದು ಕಲಿಸ್ತೀರಾ?”

ಆಕೆ ನಗಲಿಲ್ಲ. ಆ ಒಂದು ಕಾರಣಕ್ಕೆ ಅವನು ಅವಳನ್ನು ಕೊನೆಯವರೆಗೂ ಮರೆಯಲಿಲ್ಲ.

ಕಲಿಯುವುದು ಸುಲಭವಿರಲಿಲ್ಲ. ಆಕೆ ಮೊದಲು ಗಿಟಾರನ್ನೇ ಕಿತ್ತಿಟ್ಟಳು. ಖಾಲಿ ತರಗತಿಯಲ್ಲಿ ಅವನನ್ನು ಬಾಯಲ್ಲಿ ಎಣಿಸುತ್ತ ನಡೆಸಿದಳು. ನಡೆಯುತ್ತಲೇ ಬೆಳಗಿನಿಂದ ಏನೇನು ಮಾಡಿದಿರಿ ಎಂದು ಕೇಳುವಳು. ಉತ್ತರಿಸಲು ಹೋದರೆ ಎಣಿಕೆ ತಪ್ಪುವುದು, ಎಣಿಸಲು ಹೋದರೆ ಉತ್ತರ ತಪ್ಪುವುದು. “ಬಾಯಲ್ಲಿ ಎಣಿಸ್ಬೇಡಿ, ಹಿಮ್ಮಡೀಲಿ ಎಣಿಸಿ. ಬಾಯಿಗೆ ಬೇರೆ ಕೆಲಸ ಇದೆ,” ಎನ್ನುವಳು. ಕಿಟಕಿಯಲ್ಲಿ ಇಣುಕಿದ ವಿದ್ಯಾರ್ಥಿಗಳು, ಇಷ್ಟು ದೊಡ್ಡ ಗಿಟಾರಿಸ್ಟ್ ಕುಂಟುತ್ತ ಓಡಾಡುವುದನ್ನು ನೋಡಿ ಕಾಲಿಗೆ ಪೆಟ್ಟಾಗಿದೆ ಎಂದುಕೊಂಡರು.

ಭಾವ ಹೇಳಿದ್ದ ಮಾತು ಸುಳ್ಳಾಗಲಿಲ್ಲ. ಎಣಿಸತೊಡಗಿದ ಮೇಲೆ ಕೈ ಕಟ್ಟಿಗೆಯಾಯಿತು. ಮನೆಯಲ್ಲಿ ನುಡಿಸುತ್ತಿದ್ದರೆ ಹೆಂಡತಿ ಒಳಗಿಂದ, “ಏನು, ನುಡಿಸ್ತಿದೀಯೋ ಅಕ್ಕಿ ಅಳೀತಿದೀಯೋ?” ಎಂದು ಕೂಗುವಳು. ಅವನು ಹಲ್ಲು ಕಚ್ಚಿ ಬಿಡದೆ ಕೂತ. ಭಾವ ಇಷ್ಟು ಕಾಲ ಎರಡೂ ಹೊರೆ ಹೊತ್ತಿದ್ದ, ತನ್ನದು ಮತ್ತು ತನ್ನ ಗೆಳೆಯನದು. ಒಂದನ್ನಾದರೂ ಇಳಿಸಿಕೊಳ್ಳಬೇಕು. ಮೆಲ್ಲಮೆಲ್ಲಗೆ ಹಿಮ್ಮಡಿ ತನ್ನಷ್ಟಕ್ಕೆ ತಾನು ಎಣಿಸಲು ಕಲಿಯಿತು. ಬೆರಳುಗಳು ಹಳೆಯ ಅಲೆಮಾರಿತನಕ್ಕೆ ಮರಳಿದವು. ಒಂದು ಬೆಳಿಗ್ಗೆ ಟೀಚರ್ ಡ್ರಮ್ಮಿನ ಹಿಂದೆ ಕೂತು ಅವನ ಜೊತೆ ನುಡಿಸಿದಳು. ಸುತ್ತು ಮುಗಿದು ಇಬ್ಬರೂ ಒಟ್ಟಿಗೆ ಮನೆಯೊಳಗೆ ಕಾಲಿಟ್ಟರು. ಅಲ್ಲಿ ಮೆಟ್ಟಿಲು ಇತ್ತು. ಅವನು ನುಡಿಸುವುದನ್ನು ನಿಲ್ಲಿಸಿ ಹುಡುಗರ ಹಾಗೆ ಕೇಕೆ ಹಾಕಿದ.

ರೆಕಾರ್ಡಿಂಗ್ ದಿನ ಮಧ್ಯಾಹ್ನ ಎಲ್ಲರೂ ಸ್ಟುಡಿಯೋದಲ್ಲಿ ಸೇರಿದರು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಎಡಗೈಯ ಕೋಲಿಗೆ ಜಾರದಿರಲೆಂದು ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದ. ಮೌನಿ ಅದನ್ನು ಮುಟ್ಟಿ ನೋಡಿ ತಲೆಯಾಡಿಸಿದ. ಗಾಜಿನ ಆಚೆ ಎಂಜಿನಿಯರ್ ಕೂತಿದ್ದ, ಅವನ ಪಕ್ಕದಲ್ಲಿ ಟೀಚರ್, ಸುಮ್ಮನೆ ಕೇಳಲೆಂದು ಬಂದವಳು. ನಿಧಾನದ ಹಾಡುಗಳನ್ನು ಮೊದಲು ಮುಗಿಸಿದರು. ಭಾವನ ಎಡಗೈ ಬೇಕಾದಷ್ಟೇ ಮಾಡುತ್ತಿತ್ತು, ಉಳಿದದ್ದನ್ನು ಬಲಗೈ ತೂಗಿಸಿಕೊಂಡು ಹೋಗುತ್ತಿತ್ತು. ಹಣೆಯಲ್ಲಿ ಬೆವರು ಕಂಡಿತು. ಚಹಾ ಕುಡಿದರು. ಆಮೇಲೆ ಆ ಹಾಡು.

“ಇದು ಬಿಟ್ಬಿಡೋಣ್ವಾ?” ಎಂದ ಭಾವ, ಕೋಲನ್ನೇ ನೋಡುತ್ತ.

“ಇದಕ್ಕೇ ಅಲ್ವಾ ಬಂದಿದ್ದು,” ಎಂದ ಅವನು.

ಕಿವಿಗೆ ಹೆಡ್‌ಫೋನ್ ಹಾಕಿಕೊಂಡರು. ಕೆಂಪು ದೀಪ ಹತ್ತಿತು. ರಾಗ ಮುಗಿದು ಅವನ ಸರದಿ ಬಂತು. ಅವನು ಅಲೆಯತೊಡಗಿದ. ಹಿಂದೆ ಅಲೆಯುವಾಗ ಭಾವನನ್ನು ಕೇಳುತ್ತಲೇ ಇರಲಿಲ್ಲ, ನಡೆಯುವವನಿಗೆ ನೆಲದ ನೆನಪಿರುವುದಿಲ್ಲವಲ್ಲ, ಹಾಗೆ. ಈಗ ಪ್ರತಿ ಏಟೂ ಕೇಳಿಸಿತು. ಎಲ್ಲಿ ತಾನು ಜೋರಾದೆನೋ ಅಲ್ಲಿ ಭಾವ ತಗ್ಗಿದ್ದ, ಎಲ್ಲಿ ತಾನು ಉಸಿರಿಗೆ ನಿಂತೆನೋ ಅಲ್ಲಿ ಜಾಗ ಖಾಲಿಯಾಗದ ಹಾಗೆ ಒಂದು ಸಣ್ಣ ಮಾತು ಸೇರಿಸಿದ್ದ. ಇದೆಲ್ಲ ಯಾವಾಗಲೂ ಇತ್ತು. ತನ್ನ ಇಡೀ ಜೀವನದ ಹಿಂದೆ ಇತ್ತು. ಅವನ ಬೆರಳುಗಳು ಎಂದೂ ನುಡಿಸದಷ್ಟು ಚೆನ್ನಾಗಿ ನುಡಿಸಿದವು. ಹಿಮ್ಮಡಿ ಎಣಿಸುತ್ತಲೇ ಇತ್ತು.

ಕೊನೆಯ ಸುತ್ತು. ಕೊನೆಯ ನಾಲ್ಕು. ಈ ಸಲ ಓಡುವುದಿಲ್ಲ. ಒಂದು, ಎರಡು, ಮೂರು.

ಟಕ್.

ಭಾವ ಡ್ರಮ್ಮಿನ ಅಂಚಿಗೆ ಹೊಡೆದಿದ್ದ. ಯಾಕೆ? ತಾನು ಮುಂಚೆ ಬಂದಿಲ್ಲವಲ್ಲ! ಮರುಕ್ಷಣವೇ ಎಲ್ಲ ಹೊಳೆಯಿತು. ಈ ಕೈ ಈಗ ಕಾಯಿಸುವ ಕೈ. ತಾನು ಏಟು ನುಂಗಲು ಹೊರಟದ್ದನ್ನು ಕೇಳಿದ ಮೇಲೆ ಹೊಡೆಯುವಷ್ಟು ಹೊತ್ತು ಅದಕ್ಕೆ ಇಲ್ಲ. ಆದ್ದರಿಂದ ಭಾವ ಮೊದಲೇ ಅರ್ಜಿ ಹಾಕಿಟ್ಟಿದ್ದ. ತನ್ನ ಗೆಳೆಯ ಹೇಗೂ ಮುಂಚೆ ಬರುತ್ತಾನೆ ಎಂದು ನಂಬಿ, ಆ ನಂಬಿಕೆಯ ಮೇಲೆ ಎಡಗೈಯನ್ನು ಎತ್ತಿಬಿಟ್ಟಿದ್ದ.

ನಾಲ್ಕನೆಯ ಏಟಿಗೆಂದು ಅವನು ಇಟ್ಟುಕೊಂಡಿದ್ದ ಸ್ವರವೊಂದಿತ್ತು. ಇಡೀ ಅಲೆದಾಟ ಆ ಸ್ವರಕ್ಕಾಗಿಯೇ ಬೆಟ್ಟ ಹತ್ತಿತ್ತು. ಅದನ್ನು ನುಡಿಸಿ ಸರಿಯಾದ ಜಾಗದಲ್ಲಿ ಕಾಲಿಟ್ಟರೆ ಅಲ್ಲಿ ಭಾವ ಇರುವುದಿಲ್ಲ. ಎಲ್ಲರೂ ಕೈಯೆತ್ತುತ್ತಾರೆ, ಎಲ್ಲರ ಕಣ್ಣೂ ಡ್ರಮ್ಮಿನ ಕಡೆ ತಿರುಗುತ್ತದೆ. ಅವನು ಆ ಸ್ವರವನ್ನು ನುಡಿಸಲಿಲ್ಲ. ಅದನ್ನು ಹಾಗೇ ಬಿಟ್ಟು ಹಾರಿದ. ಭಾವನ ದೊಡ್ಡ ಏಟು, ಮೌನಿಯ ಬೇಸ್, ಅವನ ರಾಗ, ಮೂರೂ ಒಟ್ಟಿಗೆ ನೆಲ ಮುಟ್ಟಿದವು.

ಹಾಡು ಮುಗಿದು ತಾಳದ ತಟ್ಟೆಯ ಸದ್ದು ಪೂರ್ತಿ ಆರುವ ತನಕ ಯಾರೂ ಉಸಿರಾಡಲಿಲ್ಲ. ಗಾಜಿನ ಆಚೆ ಟೀಚರ್ ಅವನನ್ನೇ ನೋಡುತ್ತಿದ್ದಳು. ಅವಳ ಹುಬ್ಬು ಮೇಲೇರಿತ್ತು. ಅವನು ಬೇಡ ಎಂಬಂತೆ ತುಸುವೇ ತಲೆಯಾಡಿಸಿದ. ಅವಳು ಹುಬ್ಬು ಇಳಿಸಿ ಕೈಯಲ್ಲಿದ್ದ ಲೋಟದೊಳಗೆ ನೋಡತೊಡಗಿದಳು.

“ಇದೇ ಆಯ್ತು! ಇನ್ನೊಂದ್ಸಲ ಬೇಡ!” ಎಂದ ಎಂಜಿನಿಯರ್.

ಮೈಕುಗಳು ಇನ್ನೂ ತೆರೆದೇ ಇದ್ದವು. ಭಾವ ಅದನ್ನು ಮರೆತು ಮೌನಿಯ ಕಡೆ ಬಾಗಿ ಪಿಸುಗುಟ್ಟಿದ. ಆ ಪಿಸುಮಾತು ಅವನ ಹೆಡ್‌ಫೋನಿನಲ್ಲಿ ಕಿವಿಗೆ ಬಾಯಿಟ್ಟು ಹೇಳಿದ ಹಾಗೆ ಕೇಳಿಸಿತು.

“ಇವತ್ತೂ ನುಂಗ್ಬಿಟ್ಟ ಕಣೋ ನಮ್ಮ ಅಳಿಯದೇವ್ರು. ಸದ್ಯ, ಹಿಡ್ಕೊಂಡೆ. ಕೈ ಇನ್ನೂ ಇದೆ.”

“ಇದೆ,” ಎಂದ ಮೌನಿ.

ಅವನು ಬಗ್ಗಿ ಗಿಟಾರಿನ ತಂತಿಗಳನ್ನು ಒರೆಸುತ್ತ ಕೂತ, ಆಗಲೇ ಮುಖ ಎತ್ತುವಂತಿರಲಿಲ್ಲ. ಎತ್ತಿದಾಗ ಭಾವ ಎಡಗೈಯಲ್ಲಿ ಕೋಲನ್ನು ಬೆರಳ ಸುತ್ತ ತಿರುಗಿಸಲು ನೋಡುತ್ತಿದ್ದ. ಕೋಲು ಜಾರಿ ನೆಲಕ್ಕೆ ಬಿತ್ತು. ಭಾವ, “ಏಯ್ ಕಳ್ಳ,” ಎಂದು ಅದನ್ನೇ ಬೈದು, ಬಗ್ಗಿ ಎತ್ತಿಕೊಂಡ.

ಆಲ್ಬಮ್ ಬಂತು. ಆ ಹಾಡನ್ನು ಜನ ಮೆಚ್ಚಿದರು. ಸುತ್ತಿನ ಕೊನೆಯಲ್ಲಿ ಅವನು ಒಂದು ಸ್ವರವನ್ನು ನುಡಿಸದೆ ಬಿಟ್ಟದ್ದು ಎಷ್ಟು ಧೈರ್ಯದ ಆಯ್ಕೆ ಎಂದು ಒಬ್ಬರು ಬರೆದರು. ಭಾವ ಅದನ್ನು ಎಲ್ಲರಿಗೂ ಜೋರಾಗಿ ಓದಿ ಹೇಳಿ, ಮೌನಿಗೆ ಕಣ್ಣು ಹೊಡೆದ. ಆಮೇಲೂ ಅವರು ಒಟ್ಟಿಗೆ ನುಡಿಸಿದರು, ಸಣ್ಣ ಕೋಣೆಗಳಲ್ಲಿ, ನಿಧಾನದ ಹಾಡುಗಳನ್ನೇ ಹೆಚ್ಚಾಗಿ. ಪ್ರತಿ ಸಲವೂ ಸುತ್ತಿನ ಕೊನೆಯಲ್ಲಿ ಅವನು ಹಿಮ್ಮಡಿಯಲ್ಲಿ ಮೂರರ ತನಕ ಎಣಿಸಿ ಭಾವನ ಟಕ್‌ಗಾಗಿ ಕಾಯುತ್ತಿದ್ದ, ಅದು ಬಿದ್ದ ಕೂಡಲೇ ಹಾರುತ್ತಿದ್ದ.

ತಾನು ಎಣಿಸಲು ಕಲಿತದ್ದನ್ನೂ, ಆ ಮಧ್ಯಾಹ್ನ ಏಟು ನುಂಗಿರಲಿಲ್ಲ ಎಂಬುದನ್ನೂ ಅವನು ಭಾವನಿಗೆ ಎಂದೂ ಹೇಳಲಿಲ್ಲ.